ಮುಟ್ಟದೆ ನುಡಿಸುವ ಪೆಟ್ಟಿಗೆ

ಇನಾಯತ್ ಉಲ್ಲಾ ರಿಪೇರಿ ಮಾಡಲಾಗದ ರೇಡಿಯೋ ಗುಂಡ್ಲುಪೇಟೆಯಲ್ಲೇ ಇರಲಿಲ್ಲ. ಹಾಗಂತ ಹೇಳಿಕೊಂಡು ತಿರುಗುತ್ತಿದ್ದವನೂ ಅವನೇ, ಆ ಮಾತು ಬೇರೆ. ಅಂಥವನ ಅಂಗಡಿಯಲ್ಲೂ ಒಂದು ಹಳೆಯ ರೇಡಿಯೋ ಕೆಟ್ಟೇ ಉಳಿಯಿತು. ಕೈ ಹತ್ತಿರ ತಂದರೆ ಸಾಕು, ಕುಯ್ ಎಂದು ಶಿಳ್ಳೆ ಏರುತ್ತಿತ್ತು. ಕೈ ಹಿಂದೆ ಸರಿದರೆ ಇಳಿಯುತ್ತಿತ್ತು. ಅದನ್ನು ಬಿಚ್ಚಲು ಕೂತಾಗ ಹತ್ತನೇ ಕ್ಲಾಸಿನ ಮಗಳು ಮಹೀನ್ ಅಡ್ಡ ಬಂದಳು.

"ಅಬ್ಬಾಜಾನ್, ಸರಿ ಮಾಡ್ಬೇಡಿ. ಅದು ಹಾಡ್ತಾ ಇದೆ."

ಮೂರು ತಿಂಗಳು ಅಪ್ಪ ಮಗಳು ತಲೆ ಕೆಡಿಸಿಕೊಂಡು, ಎರಡು ರೇಡಿಯೋ ಸೇರಿಸಿ ಒಂದು ಪೆಟ್ಟಿಗೆ ಕಟ್ಟಿದರು. ಮೇಲೊಂದು ತಾಮ್ರದ ಕಡ್ಡಿ. ಅದನ್ನು ಮುಟ್ಟುವಂತಿಲ್ಲ, ಬಲಗೈ ಅದರ ಮುಂದೆ ಗಾಳಿಯಲ್ಲೇ ಆಡಬೇಕು. ಎಡಗೈಗೆ ಕಾಲಿಂಗ್ ಬೆಲ್ಲಿನ ಸ್ವಿಚ್ಚು. ಒತ್ತಿದರೆ ಸ್ವರ, ಬಿಟ್ಟರೆ ಮೌನ. ಅಂಗಡಿಗೆ ರಿಪೇರಿಗೆ ಬರುತ್ತಿದ್ದ ವಿಡಿಯೋ ಗೇಮುಗಳಲ್ಲಿ ಮೊಲವೊಂದು ಬಾವಿ ದಾಟಿ ಹಾರುವ ಆಟವಿತ್ತು. ಅದರ ಟ್ಯೂನನ್ನು ದಿನಕ್ಕೆ ಇಪ್ಪತ್ತು ಸಲ ಕೇಳಿ ಕೇಳಿ ಮಹೀನಳಿಗೆ ಬಾಯಿಪಾಠವಾಗಿತ್ತು. ಅದನ್ನೇ ನುಡಿಸಿದಳು.

ಎರಡು ಸಾವಿರದ ನಾಲ್ಕರಲ್ಲಿ ಚಾಮರಾಜನಗರದಲ್ಲಿ ವಾದ್ಯ ಸ್ಪರ್ಧೆ ಎಂದಾಗ ಅವಳು ಹೆಸರು ಕೊಟ್ಟೇಬಿಟ್ಟಳು. ಇದೂ ಒಂದು ವಾದ್ಯ, ಇದನ್ನು ನುಡಿಸುವವಳು ತಾನು ಎಂದು ನಾಲ್ಕು ಜನ ಒಪ್ಪಬೇಕು, ಅಷ್ಟೇ ಅವಳ ಆಸೆ.

"ಮೊಲದ್ ಆಟದ ಹಾಡ್ಗೆ ಯಾರ್ ಪ್ರೈಜ್ ಕೊಟ್ಟಾರು, ಇನಾಯತಣ್ಣ? ಸುಮ್ಕೆ ಬುಡು," ಎಂದ ಪಕ್ಕದ ಸೈಕಲ್ ಶಾಪಿನ ಶಿವಮಲ್ಲು. ಅಂದನೇ ಹೊರತು, ಸ್ಪರ್ಧೆಯ ದಿನ ತೆರಕಣಾಂಬಿ ದಾಟಿ ಬಸ್ಸು ಕುಲುಕುವಾಗ ಪೆಟ್ಟಿಗೆಯ ಬ್ಯಾಟರಿಯನ್ನು ತೊಡೆಯ ಮೇಲಿಟ್ಟುಕೊಂಡು ಕಾಪಾಡಿದವನು ಅವನೇ.

ಹಾಲ್ ತುಂಬ ಸ್ಕೂಲು ಮಕ್ಕಳು. ಮಹೀನ್ ಶುರು ಮಾಡಿದ್ದೇ ತಡ, ಮಕ್ಕಳು ಟ್ಯೂನು ಗುರುತು ಹಿಡಿದು "ಹೋ!" ಎಂದರು. ಆದರೆ ತೀರ್ಪುಗಾರರಾದ ಪಿಟೀಲು ಮೇಷ್ಟ್ರು ನೀಲಕಂಠಸ್ವಾಮಿ ಎದ್ದು ನಿಂತರು.

"ನಿಲ್ಲಿಸಮ್ಮಾ! ಕೈ ಎಲ್ಲೂ ತಾಗ್ತಾನೇ ಇಲ್ಲ. ಒಳಗೆ ಕ್ಯಾಸೆಟ್ ಓಡ್ತಾ ಇದೆ."

ಇನಾಯತನ ಮೈಯೆಲ್ಲ ಉರಿದುಹೋಯಿತು. ತುಂಬಿದ ಸಭೆಯಲ್ಲಿ ಮಗಳನ್ನು ಕಳ್ಳಿ ಎಂದಂತಾಯಿತಲ್ಲ! ಎದ್ದವನ ಅಂಗಿ ಹಿಡಿದು ಶಿವಮಲ್ಲು ಕೂರಿಸಿದ. "ಕೂತ್ಕೊ ಅಣ್ಣ. ಮಗ್ಳು ನೋಡ್ಕತಳೆ."

ಮಹೀನ್ ನಿಲ್ಲಿಸಲಿಲ್ಲ. ಮೇಷ್ಟ್ರು ದಡದಡ ವೇದಿಕೆ ಹತ್ತಿ ಪೆಟ್ಟಿಗೆಯ ಕಡೆ ನಡೆದರು. ಅವರು ಹತ್ತಿರವಾದ ಹಾಗೆ ಟ್ಯೂನು ತಪ್ಪಿ ಮೇಲಕ್ಕೇರಿತು. ಅವರು ಬೆಚ್ಚಿ ಒಂದು ಹೆಜ್ಜೆ ಹಿಂದೆ ಇಟ್ಟರು, ಇಳಿಯಿತು. ಮತ್ತೆ ಮುಂದೆ ಇಟ್ಟರು, ಏರಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಆ ನಗುವಿನ ನಡುವೆಯೇ ಮಹೀನ್ ಮೊಲ ಬಾವಿಗೆ ಬಿದ್ದಾಗ ಬರುವ ಸೋಲಿನ ಟ್ಯೂನನ್ನು ನುಡಿಸಿದಾಗ ಹಾಲ್ ಹಾರಿಹೋಗುವಷ್ಟು ಚಪ್ಪಾಳೆ.

ಮೇಷ್ಟ್ರು ಮಾತ್ರ ನಗಲಿಲ್ಲ. ಕ್ಯಾಸೆಟ್ ಆಗಿದ್ದರೆ ತಾನು ನಡೆದದ್ದಕ್ಕೆ ಶ್ರುತಿ ಏಕೆ ಕೆಡಬೇಕು? ನಲವತ್ತು ವರ್ಷ ಪಿಟೀಲು ಹಿಡಿದ ಆ ಮನುಷ್ಯನಿಗೆ ಇಷ್ಟು ಸಾಕಾಗಿತ್ತು.

"ತಪ್ಪಾಯ್ತಮ್ಮ," ಎಂದರು, ಮೈಕಿಗೆ ಕೇಳುವಷ್ಟು ಜೋರಾಗಿ. "ನಾನು ಎಲ್ಲಿ ನಿಂತ್ಕೊಬೇಕು ಹೇಳು."

"ಆ ಗೋಡೆ ಹತ್ರ ಸರ್. ಅಲ್ಲಾಡ್ಬೇಡಿ."

ಮೇಷ್ಟ್ರು ಹೋಗಿ ಗೋಡೆಗೆ ಒರಗಿ ಕೈಕಟ್ಟಿ ನಿಂತರು. ಮಹೀನ್ ಮೊದಲಿನಿಂದ ಎತ್ತಿಕೊಂಡಳು. ಯಾರೂ ಹೇಳದೆಯೇ ಹಾಲಿನ ಮಕ್ಕಳೆಲ್ಲ ಉಸಿರು ಬಿಗಿಹಿಡಿದು ಕೂತರು. ಮಗಳ ಕೈ ಗಾಳಿಯಲ್ಲಿ ತೇಲುತ್ತಿದ್ದುದನ್ನು ನೋಡಿ, ಇಂಥವಳ ಅಪ್ಪ ತಾನು ಎಂಬ ಹೆಮ್ಮೆಗೆ ಇನಾಯತನ ಕಣ್ಣು ತುಂಬಿ ಹರಿಯಿತು. ಹದಿನೈದು ಸಾಲು ಹಿಂದೆ ಕೂತವನು ಕೈ ಎತ್ತಿದರೆ ಆ ಪೆಟ್ಟಿಗೆಗೆ ಏನೂ ಆಗುವುದಿಲ್ಲವೆಂದು ಅದನ್ನು ಕಟ್ಟಿದ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಕಣ್ಣೊರೆಸಿಕೊಳ್ಳಲು ಅವನು ಕೈ ಎತ್ತಲಿಲ್ಲ.