ಗಾಯಾಳುವಿನ ತೂಕ

‘ದಂಡಿನ ದಾರಿ’ ಎಂಬ ಯುದ್ಧದ ವಿಡಿಯೊ ಗೇಮಿನ ಐದನೇ ಭಾಗ ಇನ್ನೇನು ಹೊರಬರಬೇಕು ಎನ್ನುವಾಗ, ಅದರ ಪೆಟ್ಟಿಗೆಯ ಮೇಲೆ ಮಾವನ ಫೋಟೊ ಇರಬೇಕೆಂದು ಕಂಪನಿಯ ದೊಡ್ಡವರಿಗೆ ಹೊಳೆದುಬಿಟ್ಟಿತು. ಫೋಟೊದ ಕೆಳಗೆ ಒಂದು ಸಾಲು: ‘ಇಲ್ಲಿ ಗಾಯಾಳುವನ್ನು ಹೊರುವ ರೀತಿ ನಿಜವಾದದ್ದು, ನಾನು ಬಲ್ಲೆ.’ ಮಾವ ಸಹಿ ಹಾಕಿದರೆ ಆಯಿತು. ಹಾಕಿಸಿಕೊಂಡು ಬರುವ ಕೆಲಸ ಅವರ ಅಕ್ಕನ ಮಗಳ ಕೊರಳಿಗೆ ಬಿತ್ತು. ಬೀಳದೆ ಏನು, ಆಟದ ಮೊದಲ ದಿನದಿಂದ ಪ್ರೋಗ್ರಾಂ ಬರೆಯುತ್ತ ಬಂದವಳು ಅವಳೇ. ಆ ಸಾಲು ಅಪ್ಪಟ ಸುಳ್ಳೆಂದು ಗೊತ್ತಿದ್ದವಳೂ ಅವಳೇ.

ಮಾವ ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ಗಾಯಾಳುಗಳನ್ನು ಹೊತ್ತವರು. ಬಂದೂಕು ಹಿಡಿದದ್ದಕ್ಕಿಂತ ಸ್ಟ್ರೆಚರ್ ಹಿಡಿದದ್ದೇ ಹೆಚ್ಚು. ತಂದೆಯಿಲ್ಲದ ಅವಳನ್ನು ಓದಿಸಿದವರೂ ಅವರೇ, ಬೈದವರೂ ಅವರೇ.

ಮೊದಲ ಭಾಗ ತಯಾರಾಗುವಾಗ ಅವಳೂ ಸೇರಿ ಆರು ಜನ ದರ್ಜಿ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂರುತ್ತಿದ್ದರು. ಬೇರೆಯವರ ಆಟಗಳಲ್ಲಿ ಗುಂಡು ತಿಂದವನು ಬ್ಯಾಂಡೇಜು ಸುತ್ತಿಕೊಂಡು ಮತ್ತೆ ಓಡುತ್ತಿದ್ದ ಕಾಲ ಅದು. ನಮ್ಮದರಲ್ಲಿ ಅಂಥ ನಾಟಕ ಬೇಡ ಎಂದು ಆರು ಜನಕ್ಕೂ ಹಠ. ತೊಡೆಗೆ ಗುಂಡು ಬಿದ್ದವನು ಎಷ್ಟು ದೂರ ಓಡಬಲ್ಲ ಎಂದು ಅವಳು ಕೇಳಿದ್ದಕ್ಕೆ ಮಾವ, ಅವನು ಓಡುವುದೆಲ್ಲಿ ಬಂತು, ಹೊರಬೇಕು ಎಂದರು. ಅವಳನ್ನೇ ಎತ್ತಿ ಹೆಗಲ ಮೇಲೆ ಹಾಕಿಕೊಂಡು, ಮೆಟ್ಟಿಲಿಳಿದು, ಬೀದಿಯ ತುದಿಯವರೆಗೆ ನಡೆದರು. ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ ನೋಡಿದ. ಹಿಂದೆ ಒಬ್ಬ ಗಡಿಯಾರ ಹಿಡಿದುಕೊಂಡು ಓಡಿದ. ನಾಲ್ಕು ನಿಮಿಷ. ಅದನ್ನೇ ಆಟಕ್ಕೆ ಹಾಕಿದರು.

ಆಟ ಹೊರಬಂದ ತಿಂಗಳಿಗೆ ಹಳೆಯ ಸೈನಿಕರೊಬ್ಬರ ಪತ್ರ ಬಂತು. ಎಲ್ಲ ಸರಿಯಾಗಿದೆ, ಆದರೆ ಇದು ಯಾವ ದೇಶದ ಸೈನ್ಯ ಸ್ವಾಮಿ, ಸಿಪಾಯಿಗಳಿಗೆ ಅನ್ನವನ್ನೇ ಹಾಕುವುದಿಲ್ಲವೇ ಎಂದು ಕೇಳಿದ್ದರು. ಆಗಲೇ ಇವರಿಗೆ ಬುದ್ಧಿ ಬಂದದ್ದು. ಅವಳ ತೂಕ ಆಗ ನಲವತ್ತೊಂದು ಕಿಲೊ. ಬೂಟು, ಶಿರಸ್ತ್ರಾಣ, ಮದ್ದುಗುಂಡು ಒಂದನ್ನೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಆಟದೊಳಗಿನ ಇಡೀ ಪಡೆ ಒಬ್ಬ ಹಂಚಿಕಡ್ಡಿ ಹುಡುಗಿಯ ತೂಕದ್ದಾಗಿತ್ತು! ಉಳಿದ ಐದು ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಮಾವ ಮಾತ್ರ ಮೂರು ದಿನ ಮುಖ ಊದಿಸಿಕೊಂಡಿದ್ದು, ನಾಲ್ಕನೇ ದಿನ ತಾವಾಗಿಯೇ ಬಂದು, ಚಿತ್ರ ಬರೆಯುವ, ಎಲ್ಲರೂ ‘ಡ್ರಮ್ಮು’ ಎಂದು ಕರೆಯುತ್ತಿದ್ದ ದಡೂತಿ ಹುಡುಗನ ಬೆನ್ನಿಗೆ ಮರಳಿನ ಚೀಲ ಕಟ್ಟಿಸಿ ಅವನನ್ನು ಎತ್ತಿಕೊಂಡರು. ಅದೇ ಬೀದಿ, ನಾಲ್ಕು ಕಡೆ ಇಳಿಸಿ ಸುಧಾರಿಸಿಕೊಂಡು, ಹನ್ನೊಂದು ನಿಮಿಷ. ಎರಡನೇ ಭಾಗ ಹೆಸರು ಮಾಡಿದ್ದೇ ಆ ಹನ್ನೊಂದು ನಿಮಿಷದಿಂದ. ಸೈನ್ಯದ ಶಾಲೆಗಳೂ ಅದನ್ನು ತರಿಸಿಕೊಂಡವು.

ಆಮೇಲೆ ದೊಡ್ಡ ಕಂಪನಿ ಬಂತು, ಗಾಜಿನ ಕೋಣೆಗಳು ಬಂದವು. ದುಡಿದು ದಣಿದು ಮನೆಗೆ ಬಂದವರು ಹನ್ನೊಂದು ನಿಮಿಷ ಹೆಣಭಾರ ಹೊರಬೇಕೇ ಎಂದು ಆಡುವವರು ಗೊಣಗಿದರು. ಮೂರನೇ ಭಾಗದಲ್ಲಿ ಅದು ಎರಡು ನಿಮಿಷವಾಯಿತು. ನಾಲ್ಕನೆಯದರಲ್ಲಿ ಒಂದು ಬಟನ್, ಐದನೆಯದರಲ್ಲೂ ಅದೇ. ಒತ್ತಿ ನಾಲ್ಕು ಸೆಕೆಂಡು ಹಿಡಿದರೆ ಗಾಯಾಳು ಮೈಕೊಡವಿಕೊಂಡು ಎದ್ದು ಓಡುತ್ತಾನೆ. ಅವಳು ಒಂದು ಮೀಟಿಂಗಿನಲ್ಲಿ ಜಗಳವಾಡಿದಳು, ಇನ್ನೊಂದರಲ್ಲಿ ಸುಮ್ಮನಿದ್ದಳು, ಕೊನೆಗೆ ಒಂದು ಮಧ್ಯಾಹ್ನ ಕುಳಿತು ಆ ಬಟನ್ನಿನ ಪ್ರೋಗ್ರಾಮನ್ನು ತಾನೇ ಬರೆದು ಮುಗಿಸಿದಳು. ಮಾವನ ಮುಂದೆ ಬಾಯಿ ಬಿಡಲಿಲ್ಲ. ಅವರು ಆಟ ಆಡಿದವರಲ್ಲ, ಕ್ಷೌರದಂಗಡಿಯಲ್ಲಿ ಹನ್ನೊಂದು ನಿಮಿಷದ ಕಥೆ ಹೇಳಿಕೊಂಡು ಎದೆಯುಬ್ಬಿಸುತ್ತಿದ್ದವರು. ಎಂಟು ವರ್ಷದಿಂದ ಅವಳು ಪಕ್ಕದಲ್ಲಿ ತಲೆಯಾಡಿಸುತ್ತ ಬಂದಿದ್ದಳು. ಈಗ ಗುಟ್ಟು ರಟ್ಟಾದರೆ ಮಾವ ತನ್ನ ಮುಖ ನೋಡುತ್ತಾರೆಯೇ ಎನ್ನುವುದೊಂದೇ ಅವಳ ಭಯ.

ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಆಫೀಸಿಗೇ ಬಂದರು. ಕಾಗದವನ್ನು ಎರಡು ಸಲ ಓದಿದರು. ನೋಡದೆ ಸಹಿ ಹಾಕುವ ಜನ ತಾನಲ್ಲ, ಮೊದಲು ಆಟ ತೋರಿಸು ಎಂದರು. ತೋರಿಸದೆ ವಿಧಿಯಿರಲಿಲ್ಲ.

ಪರದೆಯ ಮೇಲೆ ಒಬ್ಬ ಬಿದ್ದ. ಇವನನ್ನು ಎತ್ತುವುದು ಹೇಗೆಂದು ಮಾವ ಕೇಳಿದರು. ಅವರ ಬೆರಳನ್ನು ಹಿಡಿದು ಬಟನ್ನಿನ ಮೇಲಿಟ್ಟಳು. ನಾಲ್ಕು ಸೆಕೆಂಡು. ಬಿದ್ದವನು ಎದ್ದು ಓಡಿದ.

“ಹನ್ನೊಂದು ನಿಮಿಷ ಈಗಿಲ್ಲ ಮಾವ. ತೆಗೆದೋಳು ನಾನೇ. ನಿಮಗೆ ಹೇಳೋಕೆ ಧೈರ್ಯ ಬರ್ಲಿಲ್ಲ.”

ಮಾವನ ಕಣ್ಣು ಪರದೆಯಲ್ಲೇ ಇತ್ತು. ಇನ್ನೊಬ್ಬ ಬಿದ್ದಿದ್ದ, ಅವನ ಹತ್ತಿರ ಹೋದರು. ಅಲ್ಲಿಂದ ಮತ್ತೊಬ್ಬನ ಹತ್ತಿರ. ಶತ್ರು ಎಲ್ಲಿದ್ದಾನೆಂದು ನೋಡಲೂ ಇಲ್ಲ, ಒಂದು ಗುಂಡನ್ನೂ ಹಾರಿಸಲಿಲ್ಲ. ಬಿದ್ದವರನ್ನೆಲ್ಲ ಎಬ್ಬಿಸುತ್ತ ಮುಕ್ಕಾಲು ಗಂಟೆ ಓಡಾಡಿದರು. ಅವರ ಮುಖ ಅಷ್ಟು ಅರಳಿದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಬದುಕಿದೆಯಾ ಬಡಜೀವವೇ ಎಂದುಕೊಂಡು ಅವಳು ಕಾಗದ, ಪೆನ್ನು ಮುಂದಿಟ್ಟಳು. ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆಯೂ ಆಯಿತು.

“ಚೆನ್ನಾಗಿದೆ ಕಣೇ,” ಅಂದರು ಮಾವ. “ಒಬ್ಬನೂ ಸಾಯ್ಲಿಲ್ಲ.”

“ಹಾಗಾದ್ರೆ ಸಹಿ ಹಾಕ್ತೀರಾ?”

ಮಾವ ಕಾಗದವನ್ನು ಮೆಲ್ಲಗೆ ಅವಳ ಕಡೆ ಸರಿಸಿದರು.

“ನಾನು ಹೊತ್ತೋರಲ್ಲಿ ಅರ್ಧ ಜನ ಹೆಗಲ ಮೇಲೇ ಹೋಗ್ಬಿಟ್ರು. ಇದು ನನಗೆ ಇಷ್ಟ ಆಗ್ದೆ ಇನ್ಯಾರಿಗೆ ಆಗುತ್ತೆ ಹೇಳು. ಆದ್ರೆ ಇದೇ ನಿಜ ಅಂತ ನಾನು ಬರ್ಕೊಟ್ರೆ, ಅವರೆಲ್ಲ ನನ್ನ ಕೈಲಾಗದೆ ಸತ್ರು ಅಂತಾಗುತ್ತಲ್ಲಮ್ಮ.”

ಅವಳು ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಇನ್ನೊಂದು ಸಲ ಆಡಬಹುದೇ ಎಂದು ಮಾವ ಕೇಳಿದರು. ಅವಳು ಆಟವನ್ನು ಮೊದಲಿನಿಂದ ಶುರುಮಾಡಿಕೊಟ್ಟು ಅವರ ಪಕ್ಕದಲ್ಲೇ ಕುಳಿತಳು.