ನಡುನೀರಿನಲ್ಲಿ ನಿಲ್ಲುವ ಯಂತ್ರ

ನಮ್ಮೂರ ಶಾಲೆಯಲ್ಲಿ ಸಮುದ್ರ ಕಂಡವರು ಒಬ್ಬರೂ ಇಲ್ಲ. ಅದಕ್ಕೇ ಇರಬೇಕು, ಸಾಗರ ಸಪ್ತಾಹವನ್ನು ಅಷ್ಟೊಂದು ಧೈರ್ಯವಾಗಿ ಮಾಡುತ್ತಾರೆ. ಸಭಾಂಗಣದ ಗೋಡೆಗಳಿಗೆ ನೀಲಿ ಕಾಗದ ಅಂಟಿಸಿದರು, ಫ್ಯಾನುಗಳಿಗೆ ಥರ್ಮೋಕೋಲ್ ಮೀನು ನೇತುಹಾಕಿದರು. ಎಂದಿನ ಪದ್ಧತಿಯಂತೆ ಮಾದರಿಗಳನ್ನು ಅಪ್ಪಂದಿರು ಮಾಡಿದರು, ಮಕ್ಕಳು ವಿವರಣೆ ಉರುಹೊಡೆದರು.

ನನ್ನ ಅಣ್ಣನ ಮಗಳು ಮಾತ್ರ ತನ್ನದನ್ನು ತಾನೇ ಮಾಡಿದಳು. ಮನೆಯಲ್ಲಿ ಅವಳನ್ನು ಮೊಂಡಿ ಅನ್ನುತ್ತೇವೆ, ಹಾಗೇ ಇದ್ದಾಳೆ. ಮಾದರಿ ಸ್ಪರ್ಧೆಯಲ್ಲಿ ಗೆದ್ದ ಮಗುವಿಗೆ ನಿಜವಾದ ಸಂಶೋಧನಾ ಹಡಗಿನಲ್ಲಿ ಒಂದು ದಿನ, ಜೊತೆಗೆ ಮನೆಯವರೊಬ್ಬರು ಬರಬಹುದು ಎಂದು ಗೊತ್ತಾದಾಗಿನಿಂದ ಅವಳಿಗೆ ಊಟ ನಿದ್ದೆ ಬೇಡವಾಯಿತು. ಪೈಪಿನ ತುಂಡು, ಮುಚ್ಚಳ ಬಿಗಿದ ಬಾಟಲಿ, ಆಟದ ಕಾರಿನ ಮೋಟಾರು ಸೇರಿಸಿ ಒಂದು ಯಂತ್ರ ಕಟ್ಟಿದಳು. ಅದು ತೇಲಬಾರದು, ಮುಳುಗಲೂಬಾರದು, ಬಿಟ್ಟಲ್ಲಿ ನಡುನೀರಿನಲ್ಲಿ ನಿಲ್ಲಬೇಕು. ಆಗಲೇ ಸಮುದ್ರದೊಳಗೆ ಬೇಕಾದ ಕಡೆ ಹೋಗಿ ನೋಡಲು ಸಾಧ್ಯ. ಅದಕ್ಕಾಗಿ ಬಚ್ಚಲಿನ ಡ್ರಮ್ಮಿನ ಮುಂದೆ ಕೂತು, ಬಾಟಲಿಗೆ ಚಿಟಿಕೆ ಚಿಟಿಕೆ ಮರಳು ಹಾಕುತ್ತ, ತೆಗೆಯುತ್ತ, ಮನೆಮಂದಿಯ ಸ್ನಾನಕ್ಕೆಲ್ಲ ಕಲ್ಲು ಹಾಕಿದಳು. ಕೊನೆಗೊಂದು ಸಂಜೆ ಯಂತ್ರ ನಡುನೀರಿನಲ್ಲಿ ನಿಂತಿತು. ಅಣ್ಣ ಡ್ರಮ್ಮಿನೊಳಗೆ ತಲೆ ತೂರಿಸಿ ನೋಡಿ, "ಇನ್ನೇನು, ನಾನೂ ನೀನೂ ಹಡಗು ಹತ್ತೋದೇ" ಎಂದ. ಅವಳು ಹೇಳಿ ಹೇಳಿ ಅವನಿಗೆ ಎಲ್ಲವೂ ಅರ್ಥವಾಗಿತ್ತು.

ಆ ದಿನ ಬಂತು. ಶಾಲಾ ಸಮಿತಿಯ ಅಧ್ಯಕ್ಷರು ಒಂದೊಂದೇ ಮಾದರಿ ನೋಡುತ್ತ ಬಂದರು. ಅವರ ಟೈಲ್ಸ್ ಅಂಗಡಿಯಲ್ಲೇ ಅಣ್ಣನಿಗೆ ಕೆಲಸ. ಅವರೆದುರು ಬರುವಾಗ ಬೆನ್ನುಮೂಳೆಯನ್ನು ಮನೆಯಲ್ಲಿಟ್ಟು ಬರುತ್ತಾನೆ. ಸಭಾಂಗಣದ ನಡುವೆ ಅಧ್ಯಕ್ಷರೇ ಕೊಟ್ಟ ಗಾಜಿನ ತೊಟ್ಟಿ ನೀರು ತುಂಬಿಕೊಂಡು ನಿಂತಿತ್ತು. ಆದರೆ ಬೇರೆ ಯಾರ ಮಾದರಿಯೂ ಅದಕ್ಕೆ ಇಳಿಯಲಿಲ್ಲ. ಬಣ್ಣ ಬಿಡುತ್ತದಂತೆ. ಜಲಾಂತರ್ಗಾಮಿಗಳೆಲ್ಲ ಮೇಜಿನ ಮೇಲೆ ಕೂತು ದೀಪ ಮಿನುಗಿಸುತ್ತಿದ್ದವು.

ಮೊಂಡಿ ತನ್ನ ಯಂತ್ರವನ್ನು ನೀರಿಗೆ ಬಿಟ್ಟಳು. ಅದು ನಡುವೆ ಹೋಗಿ ನಿಂತಿತು. ಅಧ್ಯಕ್ಷರು ಬಗ್ಗಿ ಕಾದರು.

"ಏನಮ್ಮ ಇದು, ತೇಲೋದೂ ಇಲ್ಲ, ಮುಳುಗೋದೂ ಇಲ್ಲ. ಕೆಟ್ಟುಹೋಗಿದ್ಯಾ?"

ಸುತ್ತಲಿನ ಅಪ್ಪಂದಿರು ಹಲ್ಲು ಕಿರಿದರು. ಮೊಂಡಿ ಬಾಯಿ ತೆರೆಯುವಷ್ಟರಲ್ಲಿ ಅಣ್ಣ ನುಗ್ಗಿದ. "ಸ್ವಲ್ಪ ಭಾರ ಕಮ್ಮಿಯಾಗಿದೆ ಸಾರ್, ಈಗ ಸರಿ ಮಾಡ್ತೀನಿ" ಎಂದವನೇ ಸ್ಕೂಟರಿನ ಬೀಗದಕೈ ಗೊಂಚಲನ್ನು ಪೈಪಿಗೆ ಸಿಕ್ಕಿಸಿದ. ಯಂತ್ರ ತಳಕ್ಕೆ ಹೋಗಿ ಕೂತಿತು.

"ಹಾಂ, ಈಗ ನೋಡಿ. ಸಮುದ್ರದ ತಳಾನೇ ಮುಟ್ಟಿಬಿಡ್ತು" ಎಂದು ಅಧ್ಯಕ್ಷರು ತಲೆದೂಗಿದರು. ಚಪ್ಪಾಳೆ ಬಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

ಹಡಗಿನ ವಿಜ್ಞಾನಿ ಬಂದದ್ದು ಆಮೇಲೆ. ಗೆದ್ದವರನ್ನು ಆರಿಸಬೇಕಾದವರು ಆಕೆಯೇ. ಮೇಜುಗಳನ್ನು ದಾಟಿ ಬಂದು, ತೊಟ್ಟಿಯ ಮುಂದೆ ಮಂಡಿಯೂರಿ ಕೂತರು.

"ಇದನ್ನ ನಡುನೀರಲ್ಲಿ ನಿಲ್ಲಿಸೋಕೆ ನೋಡಿದ್ಯಾ, ಪುಟ್ಟ?"

ಮೊಂಡಿ ಅಪ್ಪನ ಮುಖ ನೋಡಿದಳು. ಅಪ್ಪ ಅಧ್ಯಕ್ಷರ ಮುಖ ನೋಡಿದ.

"ಇಲ್ಲ ಮೇಡಂ, ಮುಳುಗಲಿ ಅಂತಲೇ ಮಾಡಿರೋದು" ಎಂದ, ಟೈಲ್ಸ್ ಮಾರುವ ದನಿಯಲ್ಲಿ.

ಮೊಂಡಿ ಅಳಲಿಲ್ಲ. ತೋಳಿನವರೆಗೆ ಕೈ ಇಳಿಸಿ ಗೊಂಚಲನ್ನು ಬಿಚ್ಚಿ ತೆಗೆದು, ನೀರು ಸುರಿಯುತ್ತಿದ್ದಂತೆಯೇ ಅಪ್ಪನ ಅಂಗಿಯ ಜೇಬಿಗೆ ಹಾಕಿದಳು. ಯಂತ್ರವನ್ನು ತಳದಿಂದ ಎತ್ತಿ ನಡುವೆ ಬಿಟ್ಟಳು. ಅದು ಅಲ್ಲೇ ನಿಂತಿತು.

ವಿಜ್ಞಾನಿ ತುಂಬಾ ಹೊತ್ತು ನೋಡಿದರು. "ಹಡಗಲ್ಲಿ ನಾವೂ ಇದಕ್ಕೇ ಒದ್ದಾಡ್ತೀವಿ" ಎಂದರು. "ನೀನೇ ಬರಬೇಕು. ಜೊತೆಗೆ ಯಾರು?"

ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ಅಣ್ಣ. ಒದ್ದೆ ಎದೆಯನ್ನು ಸೆಟೆಸಿ ಮುಂದೆ ಬಂದ.

"ಅತ್ತೆ ಬರ್ತಾರೆ" ಎಂದಳು ಮೊಂಡಿ, ಅವನ ಕಡೆ ತಿರುಗದೆ, ನನ್ನತ್ತ ಕೈ ತೋರಿಸಿ.

ನನಗೆ ಬಸ್ಸು ಹತ್ತಿದರೇ ವಾಂತಿ. ಹೂಂ ಎಂದೆ.