ಮೂರು ತಿಂಗಳ ಕೆಲಸ

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಕಲ್ಯಾಣದುರ್ಗದ ತನುಜಾಗೆ ಆ ಒದೆ ಬಿದ್ದದ್ದು ಅದೇ ಊರಿನ ಒಂದು ನರ್ಸಿಂಗ್ ಹೋಮಿನಲ್ಲಿ. ಅಲ್ಲಿ ಕಾಲು ಮುರಿದುಕೊಂಡು ಮಲಗಿದ್ದ ಆಯಾಳ ಜಾಗಕ್ಕೆ ಎರಡು ತಿಂಗಳ ಮಟ್ಟಿಗೆ ಒಬ್ಬಳು ಬೇಕಾಗಿದ್ದಳು. ಮ್ಯಾನೇಜರು ಕಾಫಿ ಹೀರುತ್ತ, "ಮುಂದಕ್ಕೇನಮ್ಮಾ ಪ್ಲಾನು?" ಎಂದು ಕೇಳಿದ. ಈ ಮಹಾತಾಯಿ, ಶ್ರಾವಣದಲ್ಲಿ ಅನಂತಪುರಕ್ಕೆ ನರ್ಸಿಂಗ್ ಓದಲು ಹೋಗುತ್ತೇನೆ ಸಾರ್, ಅಷ್ಟರಲ್ಲಿ ನಿಮ್ಮ ಕೆಲಸ ಮುಗಿದೇ ಹೋಗಿರುತ್ತದಲ್ಲ, ಎಂದು ಪಾಠದ ಹಾಗೆ ಒಪ್ಪಿಸಿದಳು. ಲೆಕ್ಕವೇನೋ ಸರಿಯಾಗಿಯೇ ಇತ್ತು. ಆದರೆ ಕೆಲಸ ಕೊಡುವವರಿಗೆ ಎರಡು ತಿಂಗಳಿಗೂ ಜನ್ಮಪೂರ್ತಿ ಇರುವವಳ ಮುಖವೇ ಬೇಕು. ಫೋನ್ ಮಾಡ್ತೀವಿ ಅಂದರು, ಮಾಡಲಿಲ್ಲ.

ಪಕ್ಕದ ಮನೆಯ ಆದಿಲಕ್ಷ್ಮಮ್ಮ ಹಣೆ ಚಚ್ಚಿಕೊಂಡಳು. "ನಿಂಗೇನು ತಲೆ ಕೆಟ್ಟೈತೇನೇ? ಇಂಟರ್ವ್ಯೂನಾಗೆ ಯಾರಾನ ನಿಜ ಹೇಳ್ತಾರಾ? ಹೆಣ್ಣು ನೋಡಾಕೆ ಬಂದೋರ ಮುಂದೆ ಬಾಯಿ ಕಿಸ್ದು ಹುಳುಕು ಹಲ್ಲು ತೋರಿಸ್ತೀಯಾ?"

ತನುಜಾಗೆ ಕೆಲಸ ಬೇಕೇ ಬೇಕಾಗಿತ್ತು. ಅವರದು ನೇಯ್ಗೆಯವರ ಮನೆತನ. ಮಗ್ಗ ಅಪ್ಪನ ಜೊತೆಗೇ ಹೋಯಿತು. ತಾಯಿ ಲಕ್ಷ್ಮೀದೇವಿ ಬೇರೆಯವರ ಸೀರೆಗೆ ಕುಚ್ಚು ಕಟ್ಟುತ್ತಾಳೆ. ಹೋದ ವರ್ಷ ಸೀಟು ಬಂದಿತ್ತು. ಲಕ್ಷ್ಮೀದೇವಿಗೆ ಆಪರೇಷನ್ ಆಗಿ, ಬಂದ ಸೀಟು ಕೈಬಿಟ್ಟಿತು. ಈ ವರ್ಷವೂ ತಪ್ಪಿದರೆ ಸೋದರಮಾವ ಆನಂದಕುಮಾರನಿಗೆ ಕೊಟ್ಟು ಕೈತೊಳೆದುಕೊಳ್ಳುವುದೆಂದು ಮನೆಯಲ್ಲಿ ಮಾತಾಗಿಬಿಟ್ಟಿದೆ. ಮೊದಲ ಹೆಂಡತಿಯನ್ನು ಮಣ್ಣು ಮಾಡಿ ಬಂದ ದಿನವೂ ಕುಡಿದಿದ್ದವನು ಅವನು. ಸೀಟಿಗೆ ಸೇರುವ ಖರ್ಚಿಗೆ ಈ ಬೇಸಿಗೆಯ ದುಡಿಮೆಯೊಂದೇ ದಾರಿ.

ಆದಿಲಕ್ಷ್ಮಮ್ಮನ ತವರು ಹಿಂದೂಪುರ. ಅಲ್ಲಿ ಹುಣಸೆಹಣ್ಣಿನ ವ್ಯಾಪಾರಿ ರುದ್ರೇಶನ ತಾಯಿಯನ್ನು ನೋಡಿಕೊಳ್ಳಲು ಮನೆಯಲ್ಲೇ ಇರುವ ಹುಡುಗಿ ಬೇಕಂತೆ ಎಂಬ ಸುದ್ದಿ ಅವಳೇ ತಂದಳು. ಬಸ್ಸು ಹತ್ತಿಸುವಾಗ, "ಕೇಳಿದ್ದಕ್ಕೆಲ್ಲ ಏನೂ ಇಲ್ಲ ಅನ್ನು, ತಿಳೀತಾ?" ಎಂದು ಗಟ್ಟಿ ಮಾಡಿ ಕಳಿಸಿದಳು.

ಮಂಡಿಯಲ್ಲಿ ಮೂಟೆಗಳ ನಡುವೆ ಕೂತಿದ್ದ ರುದ್ರೇಶ ನಲವತ್ತರ ಆಸುಪಾಸಿನವನು, ಹಣೆ ತುಂಬ ವಿಭೂತಿ. ಅವಳ ಮುಖ ನೋಡದೆ ತಕ್ಕಡಿಯ ಕಡೆ ನೋಡುತ್ತ ಮಾತಾಡಿದ. "ಮೂರು ತಿಂಗಳ ಕೆಲ್ಸ ಕಣಮ್ಮ. ನಡುವೆ ಬಿಟ್ಟು ಹೋಗೋ ಹಂಗಿಲ್ಲ, ಸಂಬ್ಳ ಎಲ್ಲಾ ಕಡೇಗೇ. ಮುಂದೆ ಮದ್ವೆ, ಓದು, ಏನಾನ ಐತಾ?"

"ಏನೂ ಇಲ್ಲಣ್ಣ."

ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಬಂತು ಸುಳ್ಳು. ಮೂರೇ ತಿಂಗಳು ಯಾಕೆಂದು ಅವಳು ಕೇಳಲಿಲ್ಲ. ಅವನು ಹೇಳಲು ಬಾಯಿ ತೆರೆದವನು, ತಕ್ಕಡಿಯ ತಟ್ಟೆ ಒರೆಸುತ್ತ, "ಅಮ್ಮಂಗೆ ಹೊಟ್ಟೇಲಿ ಹುಣ್ಣು. ನನ್ನ ಹೆಂಡ್ತಿ ಮೌನಿಕಾ ಬಾಣಂತನಕ್ಕೆ ಪೆನುಕೊಂಡಕ್ಕೆ ಹೋಗವ್ಳೆ. ಅಮ್ಮ ಒಪ್ಪಿದ್ರೆ ಸರಿ, ಒಳಗೆ ಹೋಗು" ಅಂದುಬಿಟ್ಟ. ಸೊಸೆ ಬರುವ ತನಕ ಮೂರು ತಿಂಗಳು ಎಂದು ತನುಜಾ ತನ್ನಷ್ಟಕ್ಕೆ ತಾನು ಅರ್ಥ ಮಾಡಿಕೊಂಡಳು.

ಒಳಗೆ ಮಂಚದ ಮೇಲಿದ್ದ ಗುರುಶಾಂತಮ್ಮನ ಮೈ ಕರಗಿತ್ತೇ ಹೊರತು ನಾಲಿಗೆ ಕರಗಿರಲಿಲ್ಲ. ನಿಜವಾದ ಇಂಟರ್ವ್ಯೂ ಆದದ್ದು ಅಲ್ಲಿ.

"ನನ್ನ ಮಗನ ತಾವ ಏನ್ ಬೊಗಳೆ ಬಿಟ್ಟೆಯೋ ನಂಗೆ ಬ್ಯಾಡ. ಹಿಂದೆ ಬಂದಿದ್ದೋಳು ಹದಿನೈದು ದಿನಕ್ಕೇ ಹೇಳ್ದೆ ಕೇಳ್ದೆ ಓಡೋಗ್ಬುಟ್ಳು. ನೀನು ಇದನ್ನ ಮುಟ್ಟಿ ನಿಜ ಹೇಳು, ಮುಂದೆ ಏನ್ ಮಾಡ್ಬೇಕು ಅಂತ ಇದ್ದೀಯಾ?" ಎಂದು ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಮುಂದೆ ಹಿಡಿದಳು.

ಬೆಳ್ಳಿಯ ಕರಡಿಗೆ ಮೈಶಾಖಕ್ಕೆ ಬೆಚ್ಚಗಿತ್ತು. ದೇವರನ್ನು ಮುಟ್ಟಿ ಸುಳ್ಳು ಹೇಳುವ ಎದೆ ತನುಜಾಗೆಲ್ಲಿ? ಸೀಟಿನ ಸಂಗತಿ, ಮಾವನ ಸಂಗತಿ ಎಲ್ಲ ಕಕ್ಕಿಬಿಟ್ಟಳು. ಎಲ್ಲಿ ಈ ಕೆಲಸವೂ ಹೋಗುತ್ತದೋ ಎಂಬ ಗಾಬರಿಯಲ್ಲಿ, "ಆದ್ರೆ ನೀವೇನೂ ಯೋಚ್ನೆ ಮಾಡ್ಬ್ಯಾಡ್ರಿ ಅಜ್ಜಿ. ಕೆಲ್ಸ ಮೂರೇ ತಿಂಗ್ಳು ಅಂತ ಅಣ್ಣ ಹೇಳವ್ರೆ. ನಾನು ಹೋಗೋ ಹೊತ್ಗೆ ಎಲ್ಲಾ ಮುಗ್ದಿರ್ತದೆ" ಅಂದಳು.

"ಮೂರು ತಿಂಗ್ಳು ಅಂದ್ನಾ?"

"ಹೂಂ ಅಜ್ಜಿ. ಅಕ್ಕ ಬಾಣಂತನ ಮುಗಿಸ್ಕಂಡು ಬರೋ ತಂಕ ಅಲ್ವಾ?"

"ಅವ್ಳಿನ್ನೂ ಹೆತ್ತೇ ಇಲ್ಲ ಕಣಮ್ಮ. ಐದು ತಿಂಗ್ಳು ತುಂಬ್ದೆ ನಮ್ಮನೆ ಬಾಣಂತಿ ಗಂಡನ ಮನೆ ಹೊಸ್ಲು ತುಳಿಯಾಕಿಲ್ಲ."

ಮುದುಕಿ ಬೆರಳು ಮಡಿಚಿ ತಿಂಗಳು ಎಣಿಸಿದಳು. ಬೆಂಗಳೂರಿನ ಡಾಕ್ಟರು ತನ್ನನ್ನು ಹೊರಗೆ ಕೂರಿಸಿ ಮಗನ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದ್ದು, ವಾಪಸ್ಸು ಬರುವಾಗ ರೈಲಿನಲ್ಲಿ ಮಗ ಹಿಂದೂಪುರದ ತನಕ ಕಿಟಕಿಯ ಕಡೆಯೇ ಮುಖ ಮಾಡಿ ಕೂತಿದ್ದು, ಒಂದೊಂದನ್ನೂ ತನಗೇ ಹೇಳಿಕೊಂಡಂತೆ ಹೇಳಿದಳು. ಆಮೇಲೆ, "ಹಂಗೋ ಸಮಾಚಾರ" ಅಂದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೂರು ತಿಂಗಳೆಂಬುದು ಯಾವುದರ ಗಡುವು, ತಾನು ಏನು ಹೇಳಿಬಿಟ್ಟೆ ಎಂಬುದು ತನುಜಾಗೆ ಆಗ ಹೊಳೆಯಿತು. ಮಂಚದ ಬುಡದಲ್ಲಿ ಕುಸಿದು ಮುದುಕಿಯ ಕಾಲು ಹಿಡಿದು ಅತ್ತಳು. ಗುರುಶಾಂತಮ್ಮನೇ ಅವಳ ತಲೆ ಸವರಬೇಕಾಯಿತು.

"ಅಳಬ್ಯಾಡ. ಈ ಮನೇಲಿ ನಂಗೆ ನಿಜ ಹೇಳ್ದೋಳು ನೀನೊಬ್ಳೇ. ಕೆಲ್ಸ ನಿಂದೇ. ನಂಗೆ ತಿಳ್ದೈತೆ ಅಂತ ರುದ್ರೇಶಂಗೆ ಮಾತ್ರ ಗೊತ್ತಾಗ್ಬಾರ್ದು, ಅವ್ನು ತಡ್ಕಳಾಕಿಲ್ಲ. ಇನ್ನೊಂದು, ಸೀಟಿಗೆ ಸೇರೋ ದಿನ ಯಾವಾಗ ಅಂತ ನಂಗೆ ಮರೀದೆ ಹೇಳ್ಬೇಕು."

ಹೀಗೆ ಆ ಮನೆಯಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಸುಳ್ಳಾಡಿಕೊಂಡು ಸುಖವಾಗಿದ್ದರು. ಮಗ ಬಂದು, "ಹುಣ್ಣು ಒಣಗ್ತಾ ಐತಂತಮ್ಮ" ಅನ್ನುವನು. ತಾಯಿ, "ಹೂಂ ಕಣಪ್ಪ, ನೋವು ಎಷ್ಟೋ ಕಮ್ಮಿ" ಅನ್ನುವಳು. ಅವನು ಅತ್ತ ಹೋದ ಮೇಲೆ ಸೆರಗು ಕಚ್ಚಿಕೊಂಡು ಹೊರಳಾಡುವಳು. ಆಷಾಢದಲ್ಲಿ ಸೀಟು ಬಂತು. ಶ್ರಾವಣದ ಎರಡನೇ ಗುರುವಾರದೊಳಗೆ ಸೇರಬೇಕು. ಕೇಳಿ ಮುದುಕಿ ತನುಜಾಳ ಕೆನ್ನೆ ಹಿಂಡಿ, ದೇವರ ಮುಂದಿನ ಸಕ್ಕರೆ ತರಿಸಿ ಬಾಯಿಗೆ ಹಾಕಿದಳು.

ಆದರೆ ಸಾವೇನು ಡಾಕ್ಟರ ಮನೆಯ ಆಳೇ, ಹೇಳಿದ ದಿನಕ್ಕೆ ಬರಲು? ಆಷಾಢ ಮುಗಿಯುವ ಹೊತ್ತಿಗೆ ಗುರುಶಾಂತಮ್ಮ ಚೇತರಿಸಿಕೊಂಡಳು. ಗಂಜಿ ಕುಡಿದು ಅರಗಿಸಿಕೊಂಡಳು, ಒಂದು ದಿನ ಚಿತ್ರಾನ್ನ ಬೇಕೆಂದಳು. ರುದ್ರೇಶ ಕುಣಿಯುವುದೊಂದು ಬಾಕಿ. ತನುಜಾಗೂ ಸಂತೋಷವಾಯಿತು, ಸುಳ್ಳಲ್ಲ. ಒಂದು ಮಧ್ಯಾಹ್ನ ಮುದುಕಿಯ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದಾಗ, ಇನ್ನೂ ಎಷ್ಟು ದಿನ ಇದ್ದಾಳು ಈ ಅಜ್ಜಿ, ಎಂಬ ಯೋಚನೆ ಎಲ್ಲಿಂದಲೋ ಎದ್ದು ಬಂತು. ಥೂ ನನ್ನ ಜನ್ಮಕ್ಕಿಷ್ಟು, ಎಂದು ಕೈ ನಿಲ್ಲಿಸಿದಳು. ಕೈ ನಿಂತದ್ದು ಬೆನ್ನಿಗೆ ತಿಳಿಯಿತು.

"ಯಾಕೆ, ನಿಲ್ಲಿಸ್ಬುಟ್ಟೆ?"

"ಏನಿಲ್ಲ ಅಜ್ಜಿ."

ಶ್ರಾವಣ ಹುಟ್ಟಿದ ದಿನ ಗುರುಶಾಂತಮ್ಮ, ಈ ತಿಂಗಳು ಪೂರ್ತಿ ತನ್ನದು ಉಪವಾಸ, ಲಿಂಗಪೂಜೆಯ ತೀರ್ಥ ಬಿಟ್ಟು ಬೇರೇನೂ ಬಾಯಿಗಿಡುವುದಿಲ್ಲ ಎಂದು ಸಾರಿಬಿಟ್ಟಳು. ಬೇರೆ ಮನೆಯಲ್ಲಾಗಿದ್ದರೆ ಯಾರಾದರೂ ಅಡ್ಡ ಬರುತ್ತಿದ್ದರೇನೋ. ಅದು ಶ್ರಾವಣ ಸೋಮವಾರಗಳನ್ನು ತಪ್ಪದೆ ಹಿಡಿಯುವ ಮನೆ. ವ್ರತ ಎಂದ ಮೇಲೆ ಎದುರಾಡುವ ಪದ್ಧತಿಯೇ ಇಲ್ಲ. ರುದ್ರೇಶ ಒಂದು ಸಲ ಬೇಡವೆಂದ. ತಾಯಿ ಕಣ್ಣು ಕೆಂಪಗೆ ಮಾಡಿದಳು. ಹರಕೆಯಿಂದಲೇ ವಾಸಿಯಾದೀತೆಂಬ ಆಸೆ ಅವನಿಗೂ ಇತ್ತು, ಸುಮ್ಮನಾದ.

ಮೊದಲ ಸೋಮವಾರ ತನುಜಾ ಗಂಜಿಯ ಬಟ್ಟಲು ಹಿಡಿದು ಬಾಗಿಲು ಮುಂದೆ ಮಾಡಿದಳು. "ಅಜ್ಜಿ, ಇದು ವ್ರತ ಅಲ್ಲ."

"ನೀನೊಬ್ಳೇ ಬುದ್ವಂತೆ ಈ ಮನೇಲಿ."

"ಉಣ್ಣಿ ಅಜ್ಜಿ, ನಿಮ್ಮ ದಮ್ಮಯ್ಯ ಅಂತೀನಿ."

"ಉಣ್ತೀನಿ. ನಂಗೇನು ಹಸಿವಿಲ್ವಾ? ಉಂಡ್ರೆ ಇನ್ನೂ ಒಂದು ತಿಂಗ್ಳು ಎಳೀತದೆ ಈ ಜೀವ. ಅಲ್ಲೀಗಂಟ ನೀನು ಇರ್ತೀಯಾ? ಗುರುವಾರ ಬಿಟ್ಟುಕೊಡ್ತೀಯಾ? ನೀನು ನಂಗೆ ನಿಜ ಹೇಳ್ದೋಳು. ಇವತ್ತೂ ಹೇಳು."

ಇರ್ತೀನಿ ಅಜ್ಜಿ. ಅಷ್ಟು ಹೇಳಿದ್ದರೆ ಸಾಕಿತ್ತು. ಸುಳ್ಳೇ ಹೇಳಬಹುದಿತ್ತು, ಒಂದು ಬಟ್ಟಲು ಗಂಜಿ ಕುಡಿಸಿ ಆಮೇಲೆ ನೋಡಿಕೊಳ್ಳಬಹುದಿತ್ತು. ತನುಜಾಳ ಕಣ್ಣ ಮುಂದೆ ಆನಂದಕುಮಾರ ಬಂದು ನಿಂತ, ಹೋದ ವರ್ಷ ಕೈಬಿಟ್ಟ ಸೀಟು ಬಂದು ನಿಂತಿತು. ರುದ್ರೇಶನ ಮುಂದೆ ಒಂದೇ ಉಸಿರಿಗೆ ಏನೂ ಇಲ್ಲಣ್ಣ ಎಂದಿದ್ದ ಬಾಯಿ ಈಗ ತೆರೆಯಲೇ ಇಲ್ಲ. ಕೈಯಲ್ಲಿದ್ದ ಗಂಜಿ ಆರಿ ಕೆನೆಗಟ್ಟಿತು.

ಗುರುಶಾಂತಮ್ಮ ಕಾದಳು. ಅವಳಿಗೂ ಆ ಮಾತು ಕೇಳಬೇಕಾಗಿತ್ತೋ ಏನೋ, ಬಹಳ ಹೊತ್ತು ಕಾದಳು. ಆಮೇಲೆ ಗೋಡೆಯ ಕಡೆ ಹೊರಳಿ, "ಹೋಗ್ಲಿ ಬಿಡು ತಾಯಿ. ಬಟ್ಲು ತೊಳ್ದಿಡು" ಅಂದಳು.

ತನುಜಾ ಬಟ್ಟಲು ತೊಳೆದಿಟ್ಟಳು.

ರುದ್ರೇಶನಿಗಾದರೂ ಹೇಳಬಹುದಿತ್ತಲ್ಲ, ಅನ್ನುತ್ತೀರಿ. ಅವನು ಕೂಗಿದರೆ ಕೇಳುವಷ್ಟು ಹತ್ತಿರ, ಮಂಡಿಯಲ್ಲೇ ಇದ್ದ. ಅವಳು ಮಂಡಿಯ ಬಾಗಿಲ ತನಕ ಹೋದಳು, ಎಷ್ಟೋ ಸಲ ಹೋದಳು, ಪ್ರತಿ ಸಲವೂ ತಿರುಗಿ ಬಂದಳು. ಅವನಿಗೆ ಹೇಳಬಾರದೆಂದು ಅಜ್ಜಿಗೆ ಮಾತು ಕೊಟ್ಟಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಅಜ್ಜಿಯ ಮೇಲೆ ಅವಳಿಗೆ ದೇವರಾಣೆಗೂ ಪ್ರೀತಿಯಿತ್ತು. ಬಾಯಿ ಒರೆಸಿದಳು, ರಾತ್ರಿಯೆಲ್ಲ ಕಾಲೊತ್ತಿದಳು, ಕೂದಲು ಬಾಚಿ ತುರುಬು ಕಟ್ಟಿದಳು. ಗುರುವಾರದೊಳಗೆ ಮುಗಿಯಲಿ ಎಂಬುದೂ ಅವಳ ಮನಸ್ಸಿನಲ್ಲೇ ಇತ್ತು.

ಎರಡನೇ ಸೋಮವಾರ ಬೆಳಗಿನ ಜಾವ ಗುರುಶಾಂತಮ್ಮ ಹೋದಳು.

ಮೈತುಂಬ ವಿಭೂತಿ ಬಳಿದು, ಅಂಗೈಯಲ್ಲಿ ಲಿಂಗವಿಟ್ಟು, ಕೂತ ಹಾಗೆಯೇ ಸಮಾಧಿ ಮಾಡಿದರು. ಶ್ರಾವಣ ಸೋಮವಾರ, ಅದರಲ್ಲೂ ಉಪವಾಸದಲ್ಲಿ ಶಿವನ ಪಾದ ಸೇರಿದಳೆಂದು ಬಂದವರೆಲ್ಲ ಕೈಮುಗಿದರು. "ಅದೃಷ್ಟವಂತುರಾಲು" ಎಂದು ತೆಲುಗಿನ ಹೆಂಗಸರು ಕಣ್ಣೊರೆಸಿಕೊಂಡರು. ಅಂಥ ಸಾವು ನಮಗೂ ಬರಲಿ ಎಂದಳು ಒಬ್ಬ ಮುದುಕಿ.

ಬುಧವಾರ ತನುಜಾ ಹೊರಟು ನಿಂತಾಗ ರುದ್ರೇಶ ಸಂಬಳದ ಜೊತೆ ತಾಯಿಯದೊಂದು ಸೀರೆ ಕೊಟ್ಟ. "ಕಡೇಗಂಟ ಇದ್ದೆ ಕಣಮ್ಮ. ನಡುವೆ ಬಿಟ್ಟು ಹೋಗಲಿಲ್ಲ. ನೀನಿಲ್ದಿದ್ರೆ ಅಮ್ಮ ಇಷ್ಟು ದಿನಾನೂ ಇರ್ತಿರ್ಲಿಲ್ಲ" ಅಂದ. ಆಮೇಲೆ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಒಂದ್ ಮಾತು ಕೇಳ್ತೀನಿ, ನಿಜ ಹೇಳ್ಬೇಕು. ನಾವು ಅಮ್ಮಂಗೆ ಏನೂ ಹೇಳಿರ್ಲಿಲ್ಲ. ಕೊನೇಗೂ ಅವ್ರಿಗೆ ಗೊತ್ತಾಗ್ಲಿಲ್ಲ, ಅಲ್ವಾ?"

ತನುಜಾ ಅವನ ಮುಖವನ್ನೇ ನೋಡಿದಳು.

"ಇಲ್ಲಣ್ಣ. ಗೊತ್ತಾಗ್ಲಿಲ್ಲ. ವಾಸಿಯಾಗ್ತೀನಿ ಅಂತ್ಲೇ ಇದ್ರು."

ಒಂದಿಷ್ಟೂ ತೊದಲಲಿಲ್ಲ. ರುದ್ರೇಶ ಹುಣಸೆಹಣ್ಣಿನ ಮೂಟೆಗೆ ಒರಗಿ, ಇಷ್ಟು ದಿನ ತಡೆದದ್ದನ್ನೆಲ್ಲ ಸಮಾಧಾನವಾಗಿ ಅತ್ತ. ಅವಳಿಗೆ ಅಳು ಬರಲಿಲ್ಲ. ಸೀರೆಯನ್ನು ಬ್ಯಾಗಿಗೆ ತುರುಕಿಕೊಂಡು, ಬರ್ತೀನಣ್ಣ ಎಂದು ಹೇಳಿ, ಬಸ್ ಸ್ಟ್ಯಾಂಡಿಗೆ ನಡೆದಳು.